ಜೀವಕೋಶದ ವಂಶಾವಳಿ

ಅರ್ಬುದವೆಂಬ ಮಾತನ್ನು ನಿಘಂಟಿನಲ್ಲಿ ತೆಗೆದು ನೋಡಿದರೆ ಒಂದೇ ಸೂರಿನ ಕೆಳಗೆ ನಾಲ್ಕು ಸಂಸಾರಗಳು ಬಿಡಾರ ಮಾಡಿರುವಂತೆ ಕಾಣುತ್ತದೆ. ವೇದಕಾಲದವರಿಗೆ ಅದು ಇಂದ್ರನು ಸಂಹರಿಸಿದ ಶತ್ರುವೊಬ್ಬನ ಹೆಸರು. ರಾಜಸ್ಥಾನದ ಅಬು ಪರ್ವತದ ಹಳೆಯ ಹೆಸರೂ ಅದೇ. ಲೆಕ್ಕಿಗರಿಗೆ ಅದು ಕೋಟಿಗಳ ಪಂಕ್ತಿಯಲ್ಲಿ ಬರುವ ಒಂದು ಮಹಾಸಂಖ್ಯೆ. ವೈದ್ಯರಿಗಾದರೋ ಮೈಯಲ್ಲಿ ಏಳುವ ಒಂದು ಬಗೆಯ ಗಡ್ಡೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳ ಪಕ್ಕದಲ್ಲಿ ಇದಕ್ಕೂ ಸ್ಥಾನವಿದೆ. ಅರ್ಬುದವು ಉರುಟಾಗಿರುತ್ತದೆ, ಅಲುಗುವುದಿಲ್ಲ, ಬೇರು ಆಳವಾಗಿ ಇಳಿದಿರುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಕುರುವಿನಂತೆ ಹಣ್ಣಾಗಿ ಕೀವು ಕಟ್ಟುವುದಿಲ್ಲ ಎಂದು ಅಲ್ಲಿ ಹೇಳಿದೆ. ಎದ್ದ ಗಡ್ಡೆಯ ಮೇಲೆ ಇನ್ನೊಂದು ಎದ್ದರೆ ಅಧ್ಯರ್ಬುದ, ಎರಡು ಜೊತೆಯಾಗಿ ಎದ್ದರೆ ದ್ವಿರರ್ಬುದ. ಕಣ್ಣಿಗೆ ಕಂಡದ್ದನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟವರಿಗೆ ಕೈಮುಗಿಯಬೇಕು. ಗಡ್ಡೆಗೂ ಮಹಾಸಂಖ್ಯೆಗೂ ಒಂದೇ ಹೆಸರಾದದ್ದು ಕಾಕತಾಳೀಯವೇ ಇರಬೇಕು. ಆದರೂ ಈ ರೋಗವು ಮೂಲತಃ ಎಣಿಕೆ ತಪ್ಪಿದ ಹೆಚ್ಚಳವೆಂಬುದನ್ನು ಈಗ ತಿಳಿದವರಿಗೆ ಆ ಕಾಕತಾಳೀಯವೂ ಅರ್ಥಪೂರ್ಣವಾಗಿ ಕಾಣುತ್ತದೆ.

ಗ್ರೀಕರು ಇದೇ ರೋಗಕ್ಕೆ ಏಡಿಯ ಹೆಸರನ್ನಿಟ್ಟರು. ನಮ್ಮ ಪಂಚಾಂಗದ ಕರ್ಕಾಟಕವೂ ಅವರ ಕಾರ್ಕಿನೋಸ್ ಎಂಬುದೂ ಒಂದೇ ಪ್ರಾಣಿ. ಗಡ್ಡೆಯ ಸುತ್ತ ಉಬ್ಬಿ ನಿಂತ ನರಗಳು ಏಡಿಯ ಕಾಲುಗಳಂತೆ ಕಂಡವೆಂದು ಹೇಳುತ್ತಾರೆ. ಲ್ಯಾಟಿನಿಗೆ ಹೋದಾಗ ಅದು ಕ್ಯಾನ್ಸರ್ ಆಯಿತು. ನಮ್ಮಲ್ಲಿ ಶಾಸ್ತ್ರ ಬರೆದವರು ಏಡಿಗಂತಿ ಎಂಬ ಚೆಂದದ ಮಾತನ್ನು ಕಟ್ಟಿಕೊಟ್ಟರು. ಜನ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಕ್ಯಾನ್ಸರೆಂದೇ ಹೇಳುತ್ತಾರೆ, ಇಲ್ಲವೆ ಹೆಸರನ್ನೇ ಎತ್ತದೆ ‘ಆ ಕಾಯಿಲೆ’ ಎಂದು ದನಿ ತಗ್ಗಿಸುತ್ತಾರೆ.

ಕನ್ನಡ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿರುವುದು ಆ ತಗ್ಗಿದ ದನಿಯಲ್ಲಿ. ರೋಗಿಯ ಮನೆಯವರು ‘ನಾವು ಯಾವ ಪಾಪ ಮಾಡಿದ್ದೆವೋ’ ಎನ್ನುತ್ತಾರೆ. ನೆರೆಯವರಲ್ಲಿ ಕೆಲವರು ರೋಗಿಯ ಲೋಟವನ್ನು ಬೇರೆ ಇಡುತ್ತಾರೆ. ಒಬ್ಬರು ಅದನ್ನು ದೈವದ ಶಿಕ್ಷೆಯೆಂದು ತಿಳಿದಿದ್ದಾರೆ, ಇನ್ನೊಬ್ಬರು ಹೊರಗಿನಿಂದ ಹೊಕ್ಕ ಅಂಟುಜಾಡ್ಯವೆಂದು ತಿಳಿದಿದ್ದಾರೆ. ಈ ಗಡ್ಡೆ ಎಲ್ಲಿಂದ ಬಂತು, ಅದು ಯಾರ ವಂಶದ್ದು ಎಂಬ ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರ ಹುಡುಕಿದ ಕಥೆಯೇ ಒಂದು ಇತಿಹಾಸ, ಮತ್ತು ಅದರಲ್ಲಿ ಅರಸು, ಅನ್ಯಾಯ, ಹಟ, ಬಣ್ಣದ ವ್ಯಾಪಾರ, ಕಡೆಗೆ ನಮ್ಮ ದೇಶದ ನ್ಯಾಯಾಲಯ ಎಲ್ಲವೂ ಬರುತ್ತವೆ.

ಹಳಬರ ಉತ್ತರ ಪೂರ್ವಕ್ಕೂ ಪಶ್ಚಿಮಕ್ಕೂ ಒಂದೇ ಬಗೆಯದು. ಇಲ್ಲಿ ವಾತ ಪಿತ್ತ ಕಫಗಳು ಕೆಟ್ಟವು ಎಂದರು; ಅಲ್ಲಿ, ಕ್ರಿ. ಶ. ಎರಡನೆಯ ಶತಮಾನದ ಗೇಲನ್, ಕರಿಯ ಪಿತ್ತ ಹೆಪ್ಪುಗಟ್ಟಿತು ಎಂದ. ದೇಹವನ್ನು ಹಲವು ರಸಗಳು ತುಂಬಿದ ಕೊಡವೆಂದು ಬಗೆದವರಿಗೆ ರೋಗವೆಲ್ಲ ರಸದ ಕೇಡಾಗಿಯೇ ಕಾಣಬೇಕು. ಆ ಮಾತು ಸಾವಿರ ವರ್ಷಕ್ಕೂ ಮಿಕ್ಕಿ ನಡೆಯಿತು. ದೇಹವು ಕೊಡವಲ್ಲ, ಅಸಂಖ್ಯಾತ ಇಟ್ಟಿಗೆಗಳ ಗೋಡೆ ಎಂದು ತಿಳಿಯುವುದಕ್ಕೆ ಮೊದಲು ಆ ಇಟ್ಟಿಗೆ ಕಣ್ಣಿಗೆ ಬೀಳಬೇಕಾಗಿತ್ತು.

ಅದು ಮೊದಲು ಬಿದ್ದದ್ದು ಲಂಡನ್ನಿನ ರಾಬರ್ಟ್ ಹುಕ್‌ನ ಕಣ್ಣಿಗೆ. ಸೀಸೆಯ ಬಿರಡೆಯನ್ನು ಚಾಕುವಿನಿಂದ ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಜೇನುಹಲ್ಲೆಯಂಥ ಪುಟ್ಟ ಕೋಣೆಗಳನ್ನು ಕಂಡು, ೧೬೬೫ರಲ್ಲಿ ಅಚ್ಚಾದ ತನ್ನ ‘ಮೈಕ್ರೊಗ್ರಾಫಿಯಾ’ದಲ್ಲಿ ಅವಕ್ಕೆ ‘ಸೆಲ್’ ಎಂದು ಹೆಸರಿಟ್ಟ. ಘನ ಅಂಗುಲವೊಂದರಲ್ಲಿ ಅಂಥವು ೧೨೫ ಕೋಟಿಗೂ ಮಿಕ್ಕಿ ಇರಬೇಕೆಂದು ಲೆಕ್ಕವನ್ನೂ ಹಾಕಿದ. ಅವನು ಕಂಡದ್ದು ಜೀವ ಹೋದ ಮರದ ತೊಗಟೆ. ಕೋಣೆಗಳಿದ್ದವು, ಒಳಗೆ ವಾಸಿಸುವವರು ಇರಲಿಲ್ಲ. ಇಂಗ್ಲಿಷಿನಲ್ಲಿ ಸೆಲ್ ಎಂದರೆ ಸನ್ಯಾಸಿಯ ಕೋಣೆ, ಸೆರೆಮನೆಯ ಕೋಣೆ. ನಾವು ಅದಕ್ಕೆ ಕೊಟ್ಟ ‘ಕೋಶ’ ಅದಕ್ಕಿಂತ ಸಂಪನ್ನವಾದ ಮಾತೆಂದು ನನ್ನ ಅಭಿಪ್ರಾಯ. ಕೋಶವೆಂದರೆ ಅರಸನ ಬೊಕ್ಕಸ, ಕತ್ತಿಯ ಒರೆ, ರೇಷ್ಮೆಹುಳುವಿನ ಗೂಡು, ಅಮರಸಿಂಹನ ನಿಘಂಟು. ಹುಕ್ ಕಂಡದ್ದು ಖಾಲಿ ಒರೆಯನ್ನು. ಅದು ಬೊಕ್ಕಸವೂ ಹೌದು, ನಿಘಂಟೂ ಹೌದು ಎಂದು ತಿಳಿಯುವುದಕ್ಕೆ ಇನ್ನೂರು ಮುನ್ನೂರು ವರ್ಷ ಹಿಡಿಯಿತು.

ಮುಂದಿನ ನೂರೆಪ್ಪತ್ತು ವರ್ಷಗಳಲ್ಲಿ ನಡೆದದ್ದನ್ನು ವಿಸ್ತರಿಸಬೇಕಾಗಿಲ್ಲ. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕೆರೆಯ ನೀರಿನ ಹನಿಯಲ್ಲಿ ಈಜಾಡುವ ಜೀವಿಗಳನ್ನು ಕಂಡ. ರಾಬರ್ಟ್ ಬ್ರೌನ್ ೧೮೩೧ರಲ್ಲಿ ಸಸ್ಯಗಳ ಕೋಶದೊಳಗೆ ಒಂದು ದಟ್ಟವಾದ ಚುಕ್ಕೆಯನ್ನು ಕಂಡು ಕೋಶಕೇಂದ್ರವೆಂದು ಹೆಸರಿಟ್ಟ. ೧೮೩೮ರಲ್ಲಿ ಶ್ಲೈಡನ್ ಗಿಡಮರಗಳೆಲ್ಲ ಕೋಶಗಳಿಂದಾದವೆಂದ. ಮರುವರ್ಷ ಶ್ವಾನ್ (ಹೆಸರು ಕೇಳಿ ನಗಬೇಡಿ, ಜರ್ಮನ್ ಭಾಷೆಯಲ್ಲಿ ಅದಕ್ಕೆ ನಮ್ಮ ಅರ್ಥವಿಲ್ಲ) ಪ್ರಾಣಿಗಳ ಮೈಯೂ ಹಾಗೆಯೇ ಎಂದ. ಆನೆಯೂ ಆಲದ ಮರವೂ ಒಂದೇ ಬಗೆಯ ಇಟ್ಟಿಗೆಗಳಿಂದ ಎದ್ದ ಕಟ್ಟಡಗಳು! ಅದ್ವೈತವನ್ನು ಕೇಳಿ ಬೆಳೆದ ನಮಗೂ ಇದು ಮೈನವಿರೇಳಿಸುವ ಮಾತೇ.

ಆದರೆ ಈ ಇಬ್ಬರು ಮಹನೀಯರೂ ಒಂದು ವಿಷಯದಲ್ಲಿ ಎಡವಿದರು. ಹೊಸ ಕೋಶ ಹುಟ್ಟುವುದು ಹೇಗೆ? ಸಕ್ಕರೆ ಪಾಕದಲ್ಲಿ ಕಲ್ಲುಸಕ್ಕರೆಯ ಹರಳು ಕಟ್ಟುವ ಹಾಗೆ, ಒಂದು ಮೂಲರಸದಲ್ಲಿ ಕೋಶ ತಾನಾಗಿ ಹರಳುಗಟ್ಟುತ್ತದೆ ಎಂದು ಅವರು ನಂಬಿದರು. ಹಳೆಯ ರಸಸಿದ್ಧಾಂತ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು. ಗಡ್ಡೆಗಳೂ ಕೋಶಗಳಿಂದಾದವೆಂದು ಬರ್ಲಿನ್ನಿನ ಯೊಹಾನಸ್ ಮ್ಯುಲರ್ ೧೮೩೮ರಲ್ಲಿಯೇ ತೋರಿಸಿದ್ದ. ಆದರೆ ಆ ಕೋಶಗಳು ರೋಗರಸದಿಂದ ಹೊಸದಾಗಿ ಹುಟ್ಟಿದವು, ಅವಕ್ಕೆ ತಂದೆತಾಯಿಗಳಿಲ್ಲ ಎಂಬುದೇ ಆಗಿನ ಪಂಡಿತರ ತೀರ್ಮಾನ. ಗಡ್ಡೆ ಅನಾಥವಾಗಿಯೇ ಉಳಿಯಿತು.

ಈ ಕಟ್ಟನ್ನು ಮುರಿದವನು ರಾಬರ್ಟ್ ರೆಮಾಕ್. ಅವನ ಹೆಸರನ್ನು ಪಠ್ಯಪುಸ್ತಕಗಳು ಬಿಟ್ಟೇಬಿಡುತ್ತವೆ, ಅಥವಾ ಅಡಿಟಿಪ್ಪಣಿಗೆ ತಳ್ಳುತ್ತವೆ. ೧೮೧೫ರಲ್ಲಿ ಪೋಸನ್ ಪಟ್ಟಣದಲ್ಲಿ ಹುಟ್ಟಿದ ಯೆಹೂದಿ ಅವನು. ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದ. ಪ್ರಷ್ಯದ ವಿಶ್ವವಿದ್ಯಾಲಯಗಳಲ್ಲಿ ಆಗ ಯೆಹೂದಿಗಳಿಗೆ ಪಾಠ ಹೇಳುವ ಅಧಿಕಾರವಿರಲಿಲ್ಲ. ಕ್ರೈಸ್ತನಾದರೆ ಬಾಗಿಲು ತೆರೆಯುತ್ತಿತ್ತು. ಅವನ ಕಾಲದ ಎಷ್ಟೋ ಜನ ಹಾಗೆ ಮಾಡಿದರು. ರೆಮಾಕ್ ಒಪ್ಪಲಿಲ್ಲ. ೧೮೪೩ರಲ್ಲಿ ರಾಜನಿಗೇ ಅರ್ಜಿ ಬರೆದುಕೊಂಡ, ಅದು ತಿರಸ್ಕೃತವಾಯಿತು. ೧೮೪೭ರಲ್ಲಿ ಹುಂಬೋಲ್ಟ್‌ನಂಥ ಪ್ರಭಾವಶಾಲಿ ಬೆಂಬಲಕ್ಕೆ ನಿಂತ ಮೇಲೆ ಉಪನ್ಯಾಸ ಮಾಡುವ ಅಪ್ಪಣೆ ದೊರೆಯಿತು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಹಾಗೆ ಅಪ್ಪಣೆ ಪಡೆದ ಮೊದಲ ಯೆಹೂದಿ ಅವನೇ. ಪೂರ್ಣ ಪ್ರಾಧ್ಯಾಪಕ ಪೀಠವಂತೂ ಅವನಿಗೆ ಕಡೆಯತನಕ ಸಿಗಲಿಲ್ಲ.

ಈ ಮನುಷ್ಯ ಕೋಳಿಯ ಭ್ರೂಣದ ರಕ್ತಕಣಗಳನ್ನೂ ಕಪ್ಪೆಯ ಮೊಟ್ಟೆಯನ್ನೂ ವರ್ಷಗಟ್ಟಲೆ ನೋಡಿದ. ಒಂದು ಕೋಶ ನಡುವೆ ಬಳುಕಿ, ಸೊಂಟ ಸಣ್ಣದಾಗಿ, ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಎಲ್ಲಿ ನೋಡಿದರೂ ಇದೇ. ರಸದಲ್ಲಿ ಹರಳುಗಟ್ಟಿದ ಕೋಶ ಒಂದೂ ಕಾಣಲಿಲ್ಲ. ೧೮೫೨ರಲ್ಲಿ ಅವನು ನಿಸ್ಸಂದಿಗ್ಧವಾಗಿ ಬರೆದ: ಕೋಶವು ಕೋಶದ ಹೊರಗೆ ಹುಟ್ಟುತ್ತದೆಂಬುದು, ಪ್ರಾಣಿಗಳು ಕೆಸರಿನಿಂದ ತಾವಾಗಿ ಹುಟ್ಟುತ್ತವೆಂಬುದರಷ್ಟೇ ಅಸಂಭವ. ಅಷ್ಟಕ್ಕೆ ನಿಲ್ಲದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಡ್ಡೆಯ ಕೋಶಗಳೂ ಮೈಯ ಸಹಜ ಕೋಶಗಳ ಸಂತಾನವೇ ಎಂದ. ಗಡ್ಡೆಗೆ ಮೊಟ್ಟಮೊದಲು ಕುಲಗೋತ್ರ ಹೇಳಿದವನು, ತನ್ನ ಕುಲದ ಕಾರಣದಿಂದ ಬಾಗಿಲಾಚೆ ನಿಂತ ಈ ಅಧ್ಯಾಪಕ.

ಕೀರ್ತಿ ಮಾತ್ರ ರುಡಾಲ್ಫ್ ವಿರ್ಖೋಗೆ ಸಂದಿತು. ಮೊದಲು ತಾನೂ ಮೂಲರಸವನ್ನು ನಂಬಿದ್ದ ವಿರ್ಖೋ, ೧೮೫೫ರ ಲೇಖನವೊಂದರಲ್ಲಿ ಕೋಶವೆಲ್ಲ ಕೋಶದಿಂದಲೇ ಎಂಬ ಲ್ಯಾಟಿನ್ ಸೂತ್ರವನ್ನು ಘೋಷಿಸಿದ. ೧೮೫೮ರಲ್ಲಿ ತನ್ನ ಇಪ್ಪತ್ತು ಉಪನ್ಯಾಸಗಳನ್ನು ಕೂಡಿಸಿ ಅಚ್ಚು ಹಾಕಿಸಿದಾಗ ಅದು ಜಗತ್ತಿನ ವೈದ್ಯರಿಗೆಲ್ಲ ಮಂತ್ರವಾಯಿತು. ರೆಮಾಕನಿಗೆ ಸಲ್ಲಬೇಕಾದ ಮನ್ನಣೆ ಅಲ್ಲಿ ಸಲ್ಲಲಿಲ್ಲ. ಇದು ಕೀರ್ತಿವಂತರು ಸಾಮಾನ್ಯವಾಗಿ ಮಾಡುವ ಕೆಲಸ, ಹಾಗೆಂದು ಕ್ಷಮಿಸಬೇಕಾಗಿಲ್ಲ.

ಆದರೂ ವಿರ್ಖೋ ಸಣ್ಣ ಮನುಷ್ಯನಲ್ಲ. ೧೮೪೮ರಲ್ಲಿ ಅಪ್ಪರ್ ಸೈಲೀಸಿಯದ ಜ್ವರದ ಹಾವಳಿಯನ್ನು ವಿಚಾರಿಸಲು ಸರಕಾರ ಕಳುಹಿಸಿದರೆ, ಜನರಿಗೆ ಬೇಕಾದದ್ದು ಔಷಧಕ್ಕಿಂತ ಮೊದಲು ಅನ್ನ, ವಿದ್ಯೆ, ಸ್ವಾತಂತ್ರ್ಯ ಎಂದು ವರದಿ ಬರೆದು, ಮರುವರ್ಷ ಬರ್ಲಿನ್ನಿನ ಹುದ್ದೆಯನ್ನೇ ಕಳೆದುಕೊಂಡವನು. ಮುಂದೆ ಶಾಸನಸಭೆಯಲ್ಲಿ ಬಿಸ್ಮಾರ್ಕನನ್ನು ಎದುರಿಸಿ ನಿಂತವನು. ದೇಹವೆಂದರೆ ಒಂದು ಗಣರಾಜ್ಯ, ಪ್ರತಿಯೊಂದು ಕೋಶವೂ ಅದರ ಪ್ರಜೆ ಎಂದು ಅವನು ಬಣ್ಣಿಸಿದಾಗ, ವೈದ್ಯ ಮಾತನಾಡುತ್ತಿದ್ದಾನೋ ರಾಜಕಾರಣಿ ಮಾತನಾಡುತ್ತಿದ್ದಾನೋ ಹೇಳುವುದು ಕಷ್ಟ. ಅರಸನಿಲ್ಲದ ಆ ರಾಜ್ಯದಲ್ಲಿ ರೋಗವೆಂದರೆ ಪ್ರಜೆಗಳ ನಡವಳಿಕೆ ಕೆಟ್ಟ ಸ್ಥಿತಿ. ಇನ್ನೂ ತರುಣನಿದ್ದಾಗಲೇ, ೧೮೪೫ರಲ್ಲಿ, ಅವನು ಒಬ್ಬ ಹೆಂಗಸಿನ ಶವವನ್ನು ಪರೀಕ್ಷಿಸಿದ್ದ. ಗುಲ್ಮ ಬಹಳ ದೊಡ್ಡದಾಗಿ ಊದಿತ್ತು, ನಾಳಗಳ ರಕ್ತ ಬಿಳಿಚಿತ್ತು. ಅದೇ ವರ್ಷ ಎಡಿನ್‌ಬರೋದ ಬೆನೆಟ್ ಎಂಬ ವೈದ್ಯ ಇಂಥದೇ ರೋಗಿಯನ್ನು ಕಂಡು, ರಕ್ತವೇ ಕೀವಾಗಿದೆ ಎಂದ. ವಿರ್ಖೋ, ಕೀವಲ್ಲ, ರಕ್ತದ ಬಿಳಿಯ ಕಣಗಳೇ ಎಣಿಕೆ ಮೀರಿ ಹೆಚ್ಚಿವೆ ಎಂದು, ಅದಕ್ಕೆ ಬಿಳಿರಕ್ತವೆಂಬರ್ಥದ ಲ್ಯುಕೀಮಿಯ ಎಂಬ ಹೆಸರನ್ನು ಕೊಟ್ಟ. ಈ ರೋಗದ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ.

ವಿರ್ಖೋನ ಮುಪ್ಪಿನಲ್ಲಿ ಒಂದು ದಾರುಣ ಪ್ರಸಂಗ ನಡೆಯಿತು. ಜರ್ಮನಿಯ ಯುವರಾಜ ಫ್ರೆಡರಿಕ್ ಉದಾರಬುದ್ಧಿಯವನೆಂದು ಹೆಸರಾಗಿದ್ದ. ವಿಕ್ಟೋರಿಯ ರಾಣಿಯ ಹಿರಿಯ ಅಳಿಯ. ೧೮೮೭ರ ಮೊದಲಲ್ಲಿ ಅವನ ಗಂಟಲು ಒಡೆಯಿತು. ದನಿಯ ಪೆಟ್ಟಿಗೆಯಲ್ಲಿ ಒಂದು ಗಂಟು ಕಂಡಿತು. ಬರ್ಲಿನ್ನಿನ ವೈದ್ಯರು ಕ್ಯಾನ್ಸರೆಂದು ಶಂಕಿಸಿ ಶಸ್ತ್ರಕ್ರಿಯೆಗೆ ಸಿದ್ಧರಾದರು. ಲಂಡನ್ನಿನಿಂದ ಬಂದ ಮೋರೆಲ್ ಮೆಕೆಂಜಿ, ಮೊದಲು ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸೋಣ ಎಂದು ಗಂಟಿನ ಚೂರನ್ನು ಕಿತ್ತು ವಿರ್ಖೋಗೆ ಕಳುಹಿಸಿದ. ವಿರ್ಖೋ ತನಗೆ ಬಂದ ತುಣುಕಿನಲ್ಲಿ ಕ್ಯಾನ್ಸರಿನ ಗುರುತಿಲ್ಲವೆಂದು ಬರೆದ. ಗಂಟಿನ ಉಳಿದ ಭಾಗದ ವಿಚಾರವನ್ನು ಖಚಿತವಾಗಿ ಹೇಳಲಾರೆನೆಂದೂ ಸೇರಿಸಿದ. ಎರಡನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಸ್ತ್ರಕ್ರಿಯೆ ನಿಂತಿತು. ಆ ವರ್ಷದ ನವೆಂಬರಿನಲ್ಲಿ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ೧೮೮೮ರ ಮಾರ್ಚಿಯಲ್ಲಿ ಫ್ರೆಡರಿಕ್ ಸಿಂಹಾಸನವೇರಿದಾಗ ಕುತ್ತಿಗೆಗೆ ನಳಿಗೆ ಹಾಕಿತ್ತು. ಚಕ್ರವರ್ತಿಗೆ ಮಾತಿರಲಿಲ್ಲ, ಚೀಟಿ ಬರೆದು ಅಪ್ಪಣೆ ಕೊಡುತ್ತಿದ್ದ. ತೊಂಬತ್ತೊಂಬತ್ತು ದಿನ ಆಳಿ ಜೂನಿನಲ್ಲಿ ತೀರಿಕೊಂಡ. ಅವನ ಮಗ ಎರಡನೆಯ ವಿಲ್ಹೆಲ್ಮ್ ಪಟ್ಟಕ್ಕೆ ಬಂದ. ೧೯೧೪ರಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ತಂದೆ ಬದುಕಿದ್ದರೆ ಯೂರೋಪಿನ ಚರಿತ್ರೆ ಬೇರೆಯಾಗುತ್ತಿತ್ತು ಎನ್ನುವವರಿದ್ದಾರೆ. ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಒಂದು ಸಾಮ್ರಾಜ್ಯದ ಉತ್ತರಾಧಿಕಾರದ ಗಳಿಗೆ ಗಂಟಲಿನ ಕೆಲವು ಕೋಶಗಳ ಕೈಯಲ್ಲಿತ್ತೆಂಬುದಷ್ಟು ನಿಜ.

ಇಲ್ಲಿ ವಿರ್ಖೋನ ಸಿದ್ಧಾಂತದ ಒಂದು ಲೋಪವನ್ನೂ ಹೇಳಬೇಕು. ಕ್ಯಾನ್ಸರೆಲ್ಲ ಅಂಗಾಂಗಗಳನ್ನು ಹೊಂದಿಸುವ ಜೋಡಣೆಯ ಊತಕದಿಂದ ಹುಟ್ಟುತ್ತದೆಂದು ಅವನು ಹಟ ಹಿಡಿದಿದ್ದ. ೧೮೬೫ರಲ್ಲಿ ಟೀರ್ಷ್, ೧೮೬೭ರಲ್ಲಿ ವಾಲ್ಡೇಯರ್, ಅದು ಸರಿಯಲ್ಲ, ಚರ್ಮದ ಗಡ್ಡೆ ಚರ್ಮದ ಹೊದಿಕೆಯ ಕೋಶದಿಂದ, ಸ್ತನದ ಗಡ್ಡೆ ಅಲ್ಲಿನ ಹೊದಿಕೆಯ ಕೋಶದಿಂದ ಎಂದು ತೋರಿಸಿದರು. ಬೇರೆ ಕಡೆಗೆ ಹಬ್ಬಿದ ಗಡ್ಡೆಯಾದರೂ ಮೂಲದ ಗಡ್ಡೆಯ ಕೋಶಗಳೇ ರಕ್ತದಲ್ಲಿಯೋ ದುಗ್ಧರಸದಲ್ಲಿಯೋ ತೇಲಿಹೋಗಿ ನೆಲೆ ನಿಂತದ್ದು ಎಂದ ವಾಲ್ಡೇಯರ್. ರೆಮಾಕ್ ಹೇಳಿದ್ದೇ ಕೊನೆಗೆ ನಿಂತಿತು. ರೆಮಾಕ್ ೧೮೬೫ರಲ್ಲಿ ತೀರಿಕೊಂಡಿದ್ದ. ಅದೇ ಹೆಸರಿನ ಅವನ ಮೊಮ್ಮಗ, ಗಣಿತಶಾಸ್ತ್ರಜ್ಞ, ೧೯೪೨ರಲ್ಲಿ ಆಷ್‌ವಿಟ್ಸ್‌ನ ಕೊಲೆಶಿಬಿರದಲ್ಲಿ ಮಡಿದ.

ಕೋಶದಿಂದ ಕೋಶ ಹುಟ್ಟುವಾಗ ಒಳಗೆ ಏನು ನಡೆಯುತ್ತದೆ? ನೋಡುವುದಕ್ಕೆ ತೊಡಕಾದದ್ದು ಕೋಶದ ಪಾರದರ್ಶಕತೆ. ನೀರಿನಲ್ಲಿ ಗಾಜಿನ ಚೂರನ್ನು ಹುಡುಕಿದಂತೆ. ಈ ತೊಡಕನ್ನು ಬಿಡಿಸಿದ್ದು ವಿಜ್ಞಾನಿಗಳಲ್ಲ, ಬಟ್ಟೆಗೆ ಬಣ್ಣ ಹಾಕುವವರು. ೧೮೫೬ರಲ್ಲಿ ಪರ್ಕಿನ್ ಎಂಬ ಹುಡುಗ ಕಲ್ಲಿದ್ದಲ ಕೀಲಿನಿಂದ ನೇರಿಳೆ ಬಣ್ಣವನ್ನು ಮಾಡಿದ ಮೇಲೆ ಜರ್ಮನಿಯಲ್ಲಿ ಬಣ್ಣದ ಕಾರ್ಖಾನೆಗಳು ಎದ್ದವು. ಅವೇ ಕಾರ್ಖಾನೆಗಳು ಮುಂದೆ ಕೃತಕ ನೀಲಿಯನ್ನು ತಯಾರಿಸಿ ನಮ್ಮ ದೇಶದ ನೀಲಿ ಬೆಳೆಯನ್ನು ಮುಳುಗಿಸಿದವು. ಅದು ಬೇರೆ ಕಥೆ. ಆ ಬಣ್ಣಗಳನ್ನು ಕೋಶದ ಮೇಲೆ ಸುರಿದವನು ಕೀಲ್ ಪಟ್ಟಣದ ವಾಲ್ಟರ್ ಫ್ಲೆಮಿಂಗ್. ಪೆನಿಸಿಲಿನ್ನಿನ ಫ್ಲೆಮಿಂಗ್ ಬೇರೆ, ಇವನು ಬೇರೆ. ಸಾಲಮ್ಯಾಂಡರ್ ಎಂಬ, ಹಲ್ಲಿಯನ್ನು ಹೋಲುವ ನೀರುಜೀವಿಯ ಮರಿಗಳಲ್ಲಿ ಕೋಶಗಳು ದೊಡ್ಡವು. ಅವಕ್ಕೆ ಬಣ್ಣ ಹಾಕಿದಾಗ ಕೋಶಕೇಂದ್ರದಲ್ಲಿ ದಾರದಂಥ ಎಳೆಗಳು ಬಣ್ಣ ಕುಡಿದು ಎದ್ದು ಕಂಡವು. ಕೋಶ ಒಡೆಯುವ ಮೊದಲು ಎಳೆಗಳು ಗಿಡ್ಡವಾಗಿ ದಪ್ಪಗಾಗುತ್ತವೆ, ನಡುವೆ ಸಾಲಾಗಿ ನಿಲ್ಲುತ್ತವೆ, ಉದ್ದಕ್ಕೆ ಸೀಳಿ, ಒಂದರ್ಧ ಅತ್ತ ಒಂದರ್ಧ ಇತ್ತ ಸರಿಯುತ್ತವೆ. ಅಣ್ಣತಮ್ಮಂದಿರು ಮನೆ ಪಾಲಾಗುವಾಗ ಪಾತ್ರೆಪಡಗಗಳನ್ನು ಎಣಿಸಿ ಹಂಚಿಕೊಳ್ಳುವುದಕ್ಕಿಂತಲೂ ನಿಷ್ಕೃಷ್ಟವಾದ ಹಂಚಿಕೆ. ೧೮೮೨ರಲ್ಲಿ ಅವನ ಗ್ರಂಥ ಹೊರಬಂತು. ಎಳೆಗಳಿಗೆ ಹೆಸರಿಟ್ಟವನು ಮತ್ತೆ ಅದೇ ವಾಲ್ಡೇಯರ್: ಕ್ರೋಮೋಸೋಮ್, ಬಣ್ಣ ಹಿಡಿಯುವ ಕಾಯ, ನಾವು ವರ್ಣತಂತು ಎಂದೆವು. ವರ್ಷ ೧೮೮೮. ಚಕ್ರವರ್ತಿ ತೀರಿಕೊಂಡ ವರ್ಷವೇ.

ಬಣ್ಣ ಕೊಟ್ಟ ಆ ಕೀಲಿಗೆ ಇನ್ನೊಂದು ಮುಖವೂ ಇತ್ತು. ಲಂಡನ್ನಿನ ಹೊಗೆಗೂಡುಗಳೊಳಗೆ ಇಳಿದು ಮಸಿ ಕೆರೆಯುತ್ತಿದ್ದ ಬಡ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚರ್ಮದಲ್ಲಿ ಕ್ಯಾನ್ಸರ್ ಏಳುತ್ತದೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ ೧೭೭೫ರಷ್ಟು ಹಿಂದೆಯೇ ಬರೆದಿದ್ದ. ೧೯೧೫ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಎಂಬಿಬ್ಬರು ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕೀಲು ಹಚ್ಚಿ ಹಚ್ಚಿ ಕ್ಯಾನ್ಸರನ್ನು ಎಬ್ಬಿಸಿಯೇ ತೋರಿಸಿದರು. ನಮ್ಮ ಕಡೆಯ ಮಸಿಯೆಂದರೆ ಹೊಗೆಸೊಪ್ಪು. ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯಲ್ಲಿದ್ದ ಆರ್ ಎಂಬ ವೈದ್ಯ, ಎಲೆಯಡಿಕೆ ಹೊಗೆಸೊಪ್ಪು ಜಗಿಯುವವರ ಬಾಯಿಯ ಕ್ಯಾನ್ಸರನ್ನು ಕುರಿತು ೧೯೩೩ರಲ್ಲಿಯೇ ಬರೆದ. ತೊಂಬತ್ತು ವರ್ಷ ಕಳೆದರೂ ನಮ್ಮ ಬೀದಿಯ ಮೂಲೆಯ ಅಂಗಡಿಯಲ್ಲಿ ಚೀಟಿಗಳ ತೋರಣ ಇಳಿದಿಲ್ಲ.

ಇನ್ನು ಟೆಯೊಡೋರ್ ಬೊವೆರಿ. ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯನಾದವನು ಇವನು. ನೇಪಲ್ಸಿನ ಕಡಲ ತೀರದ ಸಂಶೋಧನಾಲಯದಲ್ಲಿ ಕಡಲ ಮುಳ್ಳುಚೆಂಡು ಎನ್ನಬಹುದಾದ ಒಂದು ಪ್ರಾಣಿಯ ಮೊಟ್ಟೆಗಳನ್ನು ನೋಡುತ್ತ ಕುಳಿತಿದ್ದ. ಒಂದು ಮೊಟ್ಟೆಗೆ ಒಂದೇ ವೀರ್ಯಾಣು ಸೇರಬೇಕಾದದ್ದು ನಿಯಮ. ಎರಡು ಸೇರಿದರೆ ಮೊಟ್ಟೆ ಒಮ್ಮೆಗೇ ನಾಲ್ಕಾಗಿ ಒಡೆಯುತ್ತದೆ. ವರ್ಣತಂತುಗಳ ಹಂಚಿಕೆ ಅಂಕೆ ತಪ್ಪುತ್ತದೆ, ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಮೆ. ಅಂಥ ಮೊಟ್ಟೆಗಳು ವಿಕಾರವಾಗಿ ಬೆಳೆದು ಸಾಯುತ್ತವೆ. ನಾಲ್ಕು ಕೋಶಗಳನ್ನು ಬಿಡಿಸಿಟ್ಟರೆ ಒಂದೊಂದೂ ಒಂದೊಂದು ಬಗೆಯಲ್ಲಿ ಕೆಡುತ್ತದೆ. ಇದರಿಂದ ಬೊವೆರಿ ೧೯೦೨ರಲ್ಲಿ ಊಹಿಸಿದ್ದು ಇಷ್ಟು: ವರ್ಣತಂತುಗಳು ಒಂದರಂತೆ ಇನ್ನೊಂದಿಲ್ಲ, ಒಂದೊಂದಕ್ಕೂ ಅದರದೇ ಆದ ಕಾರ್ಯವಿದೆ, ಎಲ್ಲವೂ ಇದ್ದರೆ ಮಾತ್ರ ಬದುಕು ಸರಿ.

ಹಾಗಾದರೆ ಬೆಳೆದ ದೇಹದ ಯಾವುದೋ ಒಂದು ಕೋಶದಲ್ಲಿ ಈ ಹಂಚಿಕೆ ತಪ್ಪಿದರೆ? ೧೯೧೪ರಲ್ಲಿ ಅವನು ಒಂದು ಕಿರುಪುಸ್ತಕ ಬರೆದ. ಗಡ್ಡೆಗಳ ಮೇಲೆ ಪ್ರಯೋಗ ಮಾಡಿದವನಲ್ಲ. ಮೊಟ್ಟೆ ನೋಡಿದ ಕಣ್ಣಿನಿಂದಲೇ ಗಡ್ಡೆಯನ್ನು ನೋಡಿದ. ಗಡ್ಡೆ ಹುಟ್ಟುವುದು ಒಂದೇ ಒಂದು ಕೋಶದಿಂದ. ಆ ಕೋಶದ ವರ್ಣತಂತುಗಳಲ್ಲಿ ಏನೋ ಏರುಪೇರಾಗಿದೆ. ವಿಭಜನೆಯನ್ನು ತಡೆಯುವ ಶಕ್ತಿ ಕಳೆದುಹೋಗಿರಬಹುದು, ಅಥವಾ ಅದನ್ನು ಪ್ರೇರಿಸುವ ಶಕ್ತಿ ಮಿತಿಮೀರಿರಬಹುದು. ಆ ಏರುಪೇರು ಅದರ ಮಕ್ಕಳಿಗೆ ಮೊಮ್ಮಕ್ಕಳಿಗೆ ವಂಶಪಾರಂಪರ್ಯವಾಗಿ ಇಳಿಯುತ್ತದೆ. ಇಂದಿನ ವೈದ್ಯಕೀಯ ವಿದ್ಯಾರ್ಥಿಗೆ ಹೇಳಿಕೊಡುವ ಪಾಠದ ತಿರುಳು ಇದೇ. ಆಗ ಯಾರೂ ಕೇಳಲಿಲ್ಲ. ಯುದ್ಧ ಬಂತು, ಬೊವೆರಿ ೧೯೧೫ರಲ್ಲಿ ತೀರಿಕೊಂಡ. ಅವನ ಹೆಂಡತಿ ಮಾರ್ಸೆಲ್ಲಾ ಒ’ಗ್ರೇಡಿ ಅಮೆರಿಕದವಳು, ಸ್ವತಃ ಜೀವವಿಜ್ಞಾನಿ, ನೇಪಲ್ಸಿನ ಕೆಲಸದಲ್ಲಿ ಜೊತೆಗೂಡಿದ್ದವಳು. ಆಕೆ ಗಂಡನ ಪುಸ್ತಕವನ್ನು ಇಂಗ್ಲಿಷಿಗೆ ತಂದು ೧೯೨೯ರಲ್ಲಿ ಪ್ರಕಟಿಸಿದಳು. ಅನುವಾದಕರನ್ನು ನೆನೆಯುವ ಪದ್ಧತಿ ನಮ್ಮಲ್ಲಿ ಕಡಮೆ. ಅದಕ್ಕಾಗಿಯೇ ಇಲ್ಲಿ ಹೆಸರು ಹೇಳಿದೆ.

ಇದಕ್ಕೆ ಸಾಕ್ಷ್ಯ ಸಿಕ್ಕಿದ್ದು ಎರಡು ಕಡೆಯಿಂದ. ಒಂದು ಕೋಳಿಯ ದಾರಿ. ನ್ಯೂಯಾರ್ಕಿನ ಪೇಟನ್ ರೌಸ್ ೧೯೧೧ರಲ್ಲಿ, ಕೋಳಿಯ ಗಡ್ಡೆಯನ್ನು ಅರೆದು, ಕೋಶಗಳೊಂದೂ ಉಳಿಯದಂತೆ ಸೋಸಿದ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದರೂ ಗಡ್ಡೆ ಏಳುತ್ತದೆಂದು ತೋರಿಸಿದ. ಅದೊಂದು ವೈರಸ್. ಹಾಗಾದರೆ ಕ್ಯಾನ್ಸರ್ ಹೊರಗಿನಿಂದ ಬರುವುದೇ ತಾನೆ? ಐವತ್ತೈದು ವರ್ಷ ಕಾದು, ಎಂಬತ್ತೇಳನೆಯ ವಯಸ್ಸಿನಲ್ಲಿ, ೧೯೬೬ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ೧೯೭೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಷಪ್ ಮತ್ತು ವಾರ್ಮಸ್ ಸಂಗಡಿಗರೊಡನೆ ಆ ವೈರಸ್ಸಿನೊಳಗಿನ ಕ್ಯಾನ್ಸರ್‌ಕಾರಕ ವಂಶವಾಹಿಯ ಜಾಡು ಹಿಡಿದು ಹೋದಾಗ, ಅದು ಯಾವ ರೋಗವೂ ಇಲ್ಲದ ಕೋಳಿಯ ಕೋಶದಲ್ಲಿಯೇ ಸಿಕ್ಕಿತು. ಕೋಳಿಯದನ್ನು ವೈರಸ್ಸು ಯಾವ ಕಾಲದ್ದೋ ಕದ್ದುಕೊಂಡು ಹೋಗಿತ್ತು! ಕಳ್ಳನ ಗಂಟನ್ನು ಬಿಚ್ಚಿದರೆ ನಮ್ಮ ಮನೆಯ ಬೆಳ್ಳಿ ಲೋಟವೇ ಹೊರಬಿದ್ದಂತೆ. ಕೆಲವು ವೈರಸ್ಸುಗಳು ಮನುಷ್ಯರಲ್ಲಿಯೂ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಗರ್ಭಕೊರಳಿನ ಕ್ಯಾನ್ಸರ್ ಅದಕ್ಕೆ ನಿದರ್ಶನ, ಅದರ ವಿರುದ್ಧ ಲಸಿಕೆಯೂ ಇದೆ. ಆದರೆ ಅಲ್ಲಿಯೂ ಗಡ್ಡೆಯಾಗುವುದು ರೋಗಿಯ ಸ್ವಂತ ಕೋಶವೇ. ರೋಗಿಯ ಪಕ್ಕದಲ್ಲಿ ಕೂತು ಉಂಡರೆ, ಅವರ ಲೋಟದಲ್ಲಿ ನೀರು ಕುಡಿದರೆ ಅದು ಯಾರಿಗೂ ಬರುವುದಿಲ್ಲ.

ಈ ವಂಶವಾಹಿಗಳು ಸಹಜವಾಗಿ ಮಾಡುವ ಕೆಲಸವೇನು? ನಮ್ಮ ಮೈಯಲ್ಲಿ ಸುಮಾರು ೩೦ ಲಕ್ಷ ಕೋಟಿ ಕೋಶಗಳಿವೆಯೆಂದು ಈಗಿನ ಅಂದಾಜು. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ರಕ್ತದ ಕೆಂಪು ಕಣ ನೂರಿಪ್ಪತ್ತು ದಿನ ಬಾಳುತ್ತದೆ. ಒಡೆಯುವುದು ನಿಂತರೆ ನಾವಿಲ್ಲ. ಕೆರೆಯ ನೀರನ್ನು ಗದ್ದೆಗೆ ಬಿಡುವ ವ್ಯವಸ್ಥೆ ಇದ್ದಂತೆ ಇದು. ತೂಬು ತೆರೆಯುವ ವಂಶವಾಹಿಗಳಿವೆ, ಮುಚ್ಚುವವೂ ಇವೆ. ಇವೆಲ್ಲದರ ಮೇಲೆ ನೀರುಗಂಟಿಯಂತೆ ನಿಂತ ಒಂದು ಪ್ರೋಟೀನು ೧೯೭೯ರಲ್ಲಿ ಸಿಕ್ಕಿತು. ಅದರ ಹೆಸರು ಪಿ ೫೩. ಮೊದಮೊದಲು ಅದನ್ನೇ ಕಳ್ಳನೆಂದು ತಿಳಿದಿದ್ದರು. ಅದು ಕಾವಲುಗಾರ ಎಂದು ಹತ್ತು ವರ್ಷದ ಮೇಲೆ ತಿಳಿಯಿತು. ಕೋಶದ ತಂತು ಕೆಟ್ಟಿದೆಯೆಂದು ಕಂಡರೆ ಅದು ವಿಭಜನೆಯನ್ನು ನಿಲ್ಲಿಸುತ್ತದೆ; ರಿಪೇರಿ ಆಗದಿದ್ದರೆ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟರಲ್ಲಿ ಈ ನೀರುಗಂಟಿಯೇ ಕೆಟ್ಟಿರುತ್ತಾನೆ. ತೂಬು ತೆರೆದೇ ಉಳಿಯಬೇಕು, ಮುಚ್ಚುವ ಹಲಗೆ ಮುರಿಯಬೇಕು, ನೀರುಗಂಟಿ ಮಲಗಬೇಕು. ಒಂದೇ ಕೋಶದ ವಂಶದಲ್ಲಿ ಇಷ್ಟು ಕೇಡುಗಳು ಕೂಡಬೇಕಾದರೆ ಕಾಲ ಬೇಕು. ವಯಸ್ಸಾದವರಲ್ಲಿ ಕ್ಯಾನ್ಸರು ಹೆಚ್ಚುವುದು ಇದರಿಂದ. ಹೊಗೆಸೊಪ್ಪು ಮಾಡುವುದೆಂದರೆ ಈ ಕೇಡುಗಳನ್ನು ಬೇಗ ಬೇಗ ಕೂಡಿಸುವುದು. ಇದರಲ್ಲಿ ಪೂರ್ವಜನ್ಮದ ಪಾಪಕ್ಕೆ ಜಾಗ ಎಲ್ಲಿದೆಯೋ ನನಗೆ ಕಾಣದು.

ಎರಡನೆಯ ಸಾಕ್ಷ್ಯ ವರ್ಣತಂತುಗಳ ದಾರಿಯಿಂದ ಬಂತು. ಮನುಷ್ಯನ ಕೋಶದಲ್ಲಿ ವರ್ಣತಂತುಗಳು ೪೮ ಎಂದು ಮೂವತ್ತು ವರ್ಷಕ್ಕೂ ಮಿಕ್ಕಿ ಎಲ್ಲ ಪುಸ್ತಕಗಳೂ ಗಿಳಿಪಾಠ ಒಪ್ಪಿಸಿದ್ದವು. ೧೯೫೬ರಲ್ಲಿ ಟಿಯೋ ಮತ್ತು ಲೆವಾನ್ ಸ್ವೀಡನ್ನಿನಲ್ಲಿ ಸರಿಯಾಗಿ ಎಣಿಸಿ ೪೬ ಎಂದರು. ಸುಮಾರು ಆಗಲೇ ಫಿಲಡೆಲ್ಫಿಯದ ಪೀಟರ್ ನೋವೆಲ್ ಲ್ಯುಕೀಮಿಯ ರೋಗಿಗಳ ರಕ್ತಕೋಶಗಳನ್ನು ನಲ್ಲಿಯ ನೀರಿನಲ್ಲಿ ತೊಳೆದ. ಪದ್ಧತಿಯ ಪ್ರಕಾರ ಅದು ಸರಿಯಲ್ಲ. ಆದರೆ ನೀರು ಕುಡಿದ ಕೋಶಗಳು ಊದಿ, ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಡೇವಿಡ್ ಹಂಗರ್‌ಫರ್ಡ್ ಎಂಬ ಯುವಕನೊಡನೆ ಕೂಡಿ ಎಣಿಸಿದಾಗ, ನಿಧಾನವಾಗಿ ಬೆಳೆಯುವ ಒಂದು ಬಗೆಯ ಲ್ಯುಕೀಮಿಯದವರಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿತ್ತು. ೧೯೬೦ರಲ್ಲಿ ಪ್ರಕಟವಾದ ಈ ಗುರುತಿಗೆ ಊರ ಹೆಸರೇ ನಿಂತಿತು: ಫಿಲಡೆಲ್ಫಿಯ ವರ್ಣತಂತು. ವಿರ್ಖೋ ಕಂಡ ಬಿಳಿರಕ್ತ ಬಹುಮಟ್ಟಿಗೆ ಇದೇ ಬಗೆಯದೆಂದು ತಿಳಿದವರು ಹೇಳುತ್ತಾರೆ.

ಕಡಮೆಯಾದ ತುಂಡು ಎಲ್ಲಿ ಹೋಯಿತು? ಅದನ್ನು ಕಂಡುಕೊಂಡವಳು ಚಿಕಾಗೋದ ಜಾನೆಟ್ ರೌಲಿ, ನಾಲ್ಕು ಗಂಡುಮಕ್ಕಳ ತಾಯಿ. ವರ್ಣತಂತುಗಳ ಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದಳು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಎಂದು ಮಕ್ಕಳು ನಗುತ್ತಿದ್ದರಂತೆ. ಒಂಬತ್ತನೆಯ ವರ್ಣತಂತುವಿನ ತುದಿಯೂ ಇಪ್ಪತ್ತೆರಡನೆಯದರ ತುದಿಯೂ ಒಂದಕ್ಕೊಂದು ಅದಲುಬದಲಾಗಿವೆ ಎಂದು ಆಕೆ ೧೯೭೩ರಲ್ಲಿ ತೋರಿಸಿದಳು. ಬೆಸುಗೆ ಬಿದ್ದ ಜಾಗದಲ್ಲಿ ಎರಡು ವಂಶವಾಹಿಗಳು ಕೂಡಿ ಒಂದಾಗಿ, ಎಂದೂ ಮುಚ್ಚದ ತೂಬೊಂದು ಹುಟ್ಟಿತ್ತು. ಬೊವೆರಿಯ ಊಹೆ ಅರವತ್ತು ವರ್ಷಗಳ ಮೇಲೆ ಚಿತ್ರಸಹಿತವಾಗಿ ಮುಂದೆ ಕುಳಿತಿತ್ತು.

ತೂಬು ಯಾವುದೆಂದು ಗೊತ್ತಾದ ಮೇಲೆ ಅದಕ್ಕೆ ಬೆಣೆ ಹೊಡೆಯುವ ಯೋಚನೆ ಬಂತು. ಇಮ್ಯಾಟಿನಿಬ್ ಎಂಬ ಗುಳಿಗೆಯನ್ನು ೧೯೯೮ರಲ್ಲಿ ರೋಗಿಗಳಿಗೆ ಕೊಟ್ಟು ನೋಡಲು ತೊಡಗಿದರು. ೨೦೦೧ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಸಾವು ನಿಶ್ಚಯವೆಂದಿದ್ದ ರೋಗದವರು ಹತ್ತಾರು ವರ್ಷ ಬದುಕುವಂತಾದರು. ಆದರೆ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯ ಗುಳಿಗೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆ; ನಮ್ಮ ದೇಶದ ಕಂಪನಿಗಳು ಮಾಡುತ್ತಿದ್ದ ಅದೇ ಗುಳಿಗೆಗೆ ಹತ್ತು ಸಾವಿರದ ಆಸುಪಾಸು. ಕಂಪನಿ ಕೇಳಿದ ಪೇಟೆಂಟನ್ನು ೨೦೦೬ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ನಿರಾಕರಿಸಿತು. ವ್ಯಾಜ್ಯ ದೆಹಲಿಯವರೆಗೂ ನಡೆಯಿತು. ತಿಳಿದ ಔಷಧದ ಹೊಸ ಹರಳಿನ ರೂಪಕ್ಕೆ, ಅದರಿಂದ ರೋಗ ಹೆಚ್ಚು ಗುಣವಾಗುತ್ತದೆಂದು ತೋರಿಸದ ಹೊರತು, ಪೇಟೆಂಟ್ ಸಲ್ಲದು ಎಂಬುದು ನಮ್ಮ ಶಾಸನ. ೨೦೧೩ರ ಏಪ್ರಿಲ್ ೧ರಂದು ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿದು ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ಕಂಪನಿಯ ಪರವಾಗಿಯೂ ವಾದಗಳಿಲ್ಲದಿಲ್ಲ. ಹೊಸ ಔಷಧ ಹುಡುಕುವುದು ದುಬಾರಿಯ ಕೆಲಸ. ಆದರೆ ರೆಮಾಕ್, ಬೊವೆರಿ, ರೌಲಿ ಇವರ ಶ್ರಮಕ್ಕೆ ಯಾವ ಪೇಟೆಂಟೂ ಇರಲಿಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಎಲ್ಲ ಕ್ಯಾನ್ಸರೂ ಹೀಗೆ ಒಂದು ಬೆಣೆಗೆ ಬಗ್ಗುವುದಿಲ್ಲ. ಬಹುಪಾಲು ಗಡ್ಡೆಗಳಲ್ಲಿ ಕೆಟ್ಟ ತೂಬುಗಳು ಹಲವಾರು. ಒಂದನ್ನು ಮುಚ್ಚಿದರೆ ನೀರು ಇನ್ನೊಂದು ಕಡೆ ಕೊರೆಯುತ್ತದೆ. ಈ ಲ್ಯುಕೀಮಿಯದಲ್ಲಿಯೂ ಕೆಲವರಿಗೆ ಗುಳಿಗೆ ನಾಟುವುದಿಲ್ಲ, ಬೇರೆ ಗುಳಿಗೆ ಬೇಕಾಗುತ್ತದೆ. ನಾಟಿದವರು ದಿನವೂ ನುಂಗುತ್ತಾರೆ, ಕೆಲವು ತಿಂಗಳಿಗೊಮ್ಮೆ ರಕ್ತ ಕೊಟ್ಟುಬರುತ್ತಾರೆ. ಆ ಬೆಸುಗೆಯ ವಂಶವಾಹಿ ಇನ್ನೂ ಎಷ್ಟು ಉಳಿದಿದೆ ಎಂದು ಪ್ರಯೋಗಶಾಲೆಯಲ್ಲಿ ಅಳೆದು ಚೀಟಿಯಲ್ಲಿ ಒಂದು ಸಂಖ್ಯೆ ಬರೆದುಕೊಡುತ್ತಾರೆ. ವರ್ಷಗಟ್ಟಲೆ ಅದು ಇದೆಯೋ ಇಲ್ಲವೋ ಎನ್ನುವಷ್ಟು ಕಡಮೆಯಾಗಿ ಉಳಿದರೆ, ವೈದ್ಯರ ಕಣ್ಗಾವಲಿನಲ್ಲಿ ಗುಳಿಗೆಯನ್ನು ನಿಲ್ಲಿಸಿ ನೋಡುವುದೂ ಉಂಟು. ಹಾಗೆ ನಿಲ್ಲಿಸಿದವರಲ್ಲಿ ಕೆಲವರಿಗೆ ಅದು ಮರಳಿ ಬಂದಿದೆ, ಕೆಲವರಿಗೆ ಇನ್ನೂ ಬಂದಿಲ್ಲ.